ಬರೇ ಕೇಳುವ ಡಬ್ಬಿಯಿಂದ ಏನು ಹೊರಗೆ ಹೋಗುತ್ತದೆ?

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ವಿಮಾನ. ಪಕ್ಕದ ಕಿಟಕಿ ಸೀಟಿನಲ್ಲಿ ಬೈಲಹೊಂಗಲದ ಕಡೆಯ ಹಿರಿಯರೊಬ್ಬರು ಕುಳಿತಿದ್ದರು. ಬಿಳಿ ಧೋತರ, ತಲೆಗೆ ಪಟಕಾ, ತೊಡೆಯ ಮೇಲೆ ಬಟ್ಟೆಯ ಚೀಲ. ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೊರಟವರು. ಬಾಗಿಲು ಹಾಕುವ ಹೊತ್ತಿಗೆ ಅವರು ಚೀಲದಿಂದ ಅಂಗೈಯಗಲದ ಟ್ರಾನ್ಸಿಸ್ಟರ್ ತೆಗೆದು, ಏರಿಯಲ್ಲನ್ನು ಗೇಣುದ್ದ ಎಳೆದು, ಕಿಟಕಿಯ ಗಾಜಿಗೆ ಹಿಡಿದು ಎಫ್‌ಎಂನಲ್ಲಿ ಬೆಳಗಿನ ಸುದ್ದಿ ಹುಡುಕತೊಡಗಿದರು. ಗಗನಸಖಿ ಬಂದು, "ಸರ್, ರೇಡಿಯೋ ಆಫ್ ಮಾಡಬೇಕು" ಎಂದಳು. "ಯಾಕವ್ವಾ? ಸಪ್ಪಳ ಬ್ಯಾಡಂದ್ರ ಕಿವಿಗೆ ಹಚ್ಚಿಕೊಂಡು ಕೇಳ್ತೀನಿ" ಎಂದರು. "ಇಲ್ಲ ಸರ್, ರೂಲ್ಸ್ ಇದೆ" ಎಂಬ ಉತ್ತರ ಬಂತು. ಆಗ ಅವರು ಕೇಳಿದ ಪ್ರಶ್ನೆ ಇದು: "ಫೋನ್ ಆದ್ರ ಖರೇ, ಅದು ಮಾತಾಡ್ತೈತಿ. ಇದು ಬರೇ ಕೇಳೂ ಡಬ್ಬಿ. ಇದರಿಂದ ಏನ್ ಹೊರಗ ಹೋಗ್ತೈತಿ?" ಹುಡುಗಿಯ ಬಳಿ ಉತ್ತರವಿರಲಿಲ್ಲ, ಹಿಂದಿನ ಸಾಲುಗಳು ಕಾಯುತ್ತಿದ್ದವು. ಹಿರಿಯರೇ ದೊಡ್ಡ ಮನಸ್ಸು ಮಾಡಿ, "ಇರ್ಲಿ, ಹೇಳ್ಯಾಳಲ್ಲ" ಎಂದು ಏರಿಯಲ್ ಮಡಚಿ ಡಬ್ಬಿಯನ್ನು ಚೀಲಕ್ಕೆ ಹಾಕಿದರು.

ಅವರು ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರವೂ ಇದೆ. ವಿಮಾನದಲ್ಲಿ ಎಲೆಕ್ಟ್ರಾನಿಕ್ ಸಾಧನಗಳನ್ನು ಆಫ್ ಮಾಡಿಸುವ ಪದ್ಧತಿ ಮೊಬೈಲ್ ಫೋನಿನಿಂದ ಹುಟ್ಟಿದ್ದಲ್ಲ. ಮೊಬೈಲ್ ಬರುವುದಕ್ಕೆ ದಶಕಗಳ ಮೊದಲು, ಅವರ ಕೈಯಲ್ಲಿದ್ದಂಥದೇ ಒಂದು ಎಫ್‌ಎಂ ರೇಡಿಯೋದಿಂದ ಹುಟ್ಟಿದ್ದು. ಹವ್ಯಾಸಿ ರೇಡಿಯೋ ಪರವಾನಗಿ ಇಟ್ಟುಕೊಂಡ ನನ್ನಂಥವರಿಗೆ ಇದು ಇನ್ನಷ್ಟು ಹತ್ತಿರದ ವಿಷಯ. ಆ ದಿನ ನನ್ನ ಚೀಲದಲ್ಲಿಯೂ ಒಂದು ಸೆಟ್ ಇತ್ತು. ವಿಮಾನಗಳ ಮಾತುಕತೆ ನಡೆಯುವ ತರಂಗಾಂತರಗಳನ್ನು ಒಂದೊಂದಾಗಿ ಜಾಲಾಡಿ, ದನಿ ಸಿಕ್ಕಲ್ಲಿ ನಿಲ್ಲುವ ಸ್ಕ್ಯಾನರ್ ಸೌಲಭ್ಯ ಅದರಲ್ಲಿದೆ. ಬ್ಯಾಟರಿ ಬಿಚ್ಚಿ ಬೇರೆಯಾಗಿ ಇಟ್ಟಿದ್ದೆ. ನಮ್ಮ ಹವ್ಯಾಸದ ಗೆಳೆಯರಲ್ಲಿ ಕೆಲವರು ಈಗಲೂ ಆ ಹಿರಿಯರ ವಾದವನ್ನೇ ಮುಂದಿಡುತ್ತಾರೆ: ನಾವು ಕಳಿಸುವುದಿಲ್ಲ, ಕೇಳುತ್ತೇವೆ ಅಷ್ಟೇ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪೈಲಟ್ ಮತ್ತು ಕಂಟ್ರೋಲ್ ಟವರಿನ ಮಾತು ಕೇಳಿದರೆ ಯಾರಿಗೆ ಏನು ನಷ್ಟ? ಹಿರಿಯರು ಹಾಗೆ ಹೇಳಿದರೆ ಅದು ಸಹಜ. ರೇಡಿಯೋ ಬಿಚ್ಚಿ ನೋಡಿದವರು ಹೇಳಿದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಮೇಜಿನ ಮೇಲೆ ಎರಡು ಸೆಟ್

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಬೆಳಗಾವಿಯ ಹಳೆಯ ಪೇಟೆಯ ಓಣಿಯೊಂದರಲ್ಲಿ ರೇಡಿಯೋ ರಿಪೇರಿ ಅಂಗಡಿಯಿತ್ತು. ನಡೆಸುತ್ತಿದ್ದವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದೆವು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಅಂಗಡಿಯ ತುಂಬ ಬೆಸುಗೆಯ ರಾಳದ ವಾಸನೆ. ಒಂದು ಸಂಜೆ ಅವರು, "ತಮ್ಮಾ, ಒಂದು ಮಜಾ ತೋರಸ್ತೀನಿ ಬಾ" ಎಂದು ರಿಪೇರಿಯಾದ ಎರಡು ಟ್ರಾನ್ಸಿಸ್ಟರುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎರಡನೆಯದನ್ನು ಮೀಡಿಯಂ ವೇವಿನಲ್ಲಿ 1220 ಕಿಲೋಹರ್ಟ್ಸ್ ಹತ್ತಿರ, ಯಾವ ನಿಲ್ದಾಣವೂ ಇಲ್ಲದ ಜಾಗದಲ್ಲಿ ನಿಲ್ಲಿಸಿದರು. ಅದು ಒಂದೇ ಸಮನೆ ಸುಂಯ್ ಎನ್ನುತ್ತಿತ್ತು. ಆಮೇಲೆ ಮೊದಲನೆಯ ಸೆಟ್ಟಿನ ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತ ಧಾರವಾಡದ ಕಡೆಗೆ ತಂದರು. ಮುಳ್ಳು 765ರ ಮೇಲೆ ಬಂದು ಧಾರವಾಡ ಆಕಾಶವಾಣಿಯ ದನಿ ಸ್ಪಷ್ಟವಾಗಿ ಕೇಳಿದ ಕ್ಷಣದಲ್ಲಿಯೇ ಎರಡನೆಯ ಸೆಟ್ಟಿನ ಸುಂಯ್ ಸದ್ದು ತಟ್ಟನೆ ನಿಂತುಹೋಯಿತು. ಮುಳ್ಳನ್ನು ಆಚೆಗೆ ಸರಿಸಿದರೆ ಸದ್ದು ಮರಳಿ ಬರುತ್ತಿತ್ತು, ಈಚೆಗೆ ತಂದರೆ ಅಡಗುತ್ತಿತ್ತು. ಎರಡರ ನಡುವೆ ಯಾವ ತಂತಿಯೂ ಇರಲಿಲ್ಲ. ಕಾಕಾ ನನ್ನ ಮುಖ ನೋಡಿ, "ಅದು ಕೇಳಾಕತ್ತೈತಿ ಅಂತ ತಿಳಕೊಂಡಿ, ಹೌದಲ್ಲ? ಕೇಳಕೋತನೇ ಒದರಾಕತ್ತೈತಿ ನೋಡು" ಎಂದರು.

ಕಾರಣ ಹೀಗಿದೆ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟೆರೊಡೈನ್ ವಿಧಾನದಲ್ಲಿ ಕೆಲಸ ಮಾಡುವ ರೇಡಿಯೋ, ಬಂದ ಸಂಕೇತವನ್ನು ನೇರವಾಗಿ ಹಿಡಿಯುವುದಿಲ್ಲ. ತನ್ನೊಳಗೆ ತಾನೇ ಒಂದು ತರಂಗವನ್ನು ಹುಟ್ಟಿಸಿ, ಅದನ್ನು ಬಂದ ಸಂಕೇತದೊಂದಿಗೆ ಬೆರೆಸಿ, ಎರಡರ ವ್ಯತ್ಯಾಸವಾಗಿ ಸಿಗುವ ಒಂದು ನಿಗದಿತ ತರಂಗಾಂತರದಲ್ಲಿ ಎಲ್ಲ ಕೆಲಸ ಮಾಡುತ್ತದೆ. ಮೀಡಿಯಂ ವೇವ್ ಸೆಟ್ಟುಗಳಲ್ಲಿ ಆ ವ್ಯತ್ಯಾಸ ಸಾಮಾನ್ಯವಾಗಿ 455 ಕಿಲೋಹರ್ಟ್ಸ್. ಧಾರವಾಡದ 765ಕ್ಕೆ 455 ಕೂಡಿಸಿದರೆ 1220. ಅಂದರೆ ಧಾರವಾಡ ಕೇಳುತ್ತಿರುವ ಪ್ರತಿ ಮನೆಯ ಟ್ರಾನ್ಸಿಸ್ಟರೂ 1220ರಲ್ಲಿ ಅಲೆ ಹೊರಡಿಸುವ ಒಂದು ಪುಟ್ಟ ಪ್ರೇಷಕವಾಗಿರುತ್ತದೆ. ಒಳಗೆ ತರಂಗ ಹುಟ್ಟಿಸುವ ಈ ಭಾಗದ, ಅಂದರೆ ಆಂದೋಲಕದ, ಶಕ್ತಿ ಅತ್ಯಲ್ಪ, ನಾಲ್ಕಾರು ಮಾರು ದಾಟುವಷ್ಟರಲ್ಲಿ ಕ್ಷೀಣಿಸುತ್ತದೆ. ಮನೆಯಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಆಗುವುದು, ಆ ನಾಲ್ಕಾರು ಮಾರಿನೊಳಗೆ ಅತಿ ಸೂಕ್ಷ್ಮವಾದ ಇನ್ನೊಂದು ರೇಡಿಯೋ ಅದೇ ತರಂಗಾಂತರದಲ್ಲಿ ಏನನ್ನೋ ಗಮನವಿಟ್ಟು ಕೇಳುತ್ತಿದ್ದರೆ.

ವಿಮಾನದಲ್ಲಿ ಅಂಥ ರೇಡಿಯೋಗಳು ಹಲವಿವೆ. ಎಫ್‌ಎಂ ಪ್ರಸಾರದ ಪಟ್ಟಿ 88ರಿಂದ 108 ಮೆಗಾಹರ್ಟ್ಸ್‌ವರೆಗೆ. ಅದರ ನೆತ್ತಿಯ ಮೇಲೆಯೇ, 108ರಿಂದ 118ರವರೆಗೆ, ವಿಮಾನಗಳಿಗೆ ದಾರಿ ತೋರಿಸುವ ಸಂಕೇತಗಳ ಪಟ್ಟಿ ಕುಳಿತಿದೆ. ಎಫ್‌ಎಂ ಸೆಟ್ಟುಗಳೊಳಗಿನ ವ್ಯತ್ಯಾಸದ ತರಂಗಾಂತರ ಬಹುಕಾಲದಿಂದ 10.7 ಮೆಗಾಹರ್ಟ್ಸ್. ಹಿರಿಯರ ಡಬ್ಬಿ ಆ ಮಾದರಿಯದಾಗಿದ್ದು 100 ಮೆಗಾಹರ್ಟ್ಸ್‌ನ ನಿಲ್ದಾಣಕ್ಕೆ ಹೊಂದಿಕೊಂಡಿದ್ದರೆ, ಅದರ ಒಳಗಿನ ಆಂದೋಲಕ 110.7ರಲ್ಲಿ ಮಿಡಿಯುತ್ತಿರುತ್ತದೆ. 110.7 ಎಂಬುದು ರನ್‌ವೇಯ ನಡುಗೆರೆಯನ್ನು ತೋರಿಸುವ ಲೋಕಲೈಸರ್ ಸಂಕೇತಕ್ಕೆ ಮೀಸಲಾದ ಚಾನೆಲ್ಲುಗಳಲ್ಲಿ ಒಂದು. ಆ ಸಂಕೇತದಲ್ಲಿ 90 ಮತ್ತು 150 ಹರ್ಟ್ಸ್‌ನ ಎರಡು ಸ್ವರಗಳಿರುತ್ತವೆ; ವಿಮಾನ ನಡುಗೆರೆಯ ಮೇಲಿದ್ದರೆ ಎರಡೂ ಸಮ, ಎಡಕ್ಕೆ ಸರಿದರೆ ಒಂದು ಹೆಚ್ಚು, ಬಲಕ್ಕೆ ಸರಿದರೆ ಇನ್ನೊಂದು ಹೆಚ್ಚು. ಕಾಕ್‌ಪಿಟ್ಟಿನ ಮುಳ್ಳು ಈ ಅಳತೆಯನ್ನು ನಂಬಿ ಚಲಿಸುತ್ತದೆ. ದೂರದ ದಾರಿಗೆ ಬಳಸುವ ವಿಒಆರ್ ಕೇಂದ್ರಗಳದು ಇನ್ನೊಂದು ರೀತಿ: 30 ಹರ್ಟ್ಸ್‌ನ ಎರಡು ಕಂಪನಗಳಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟು ಹಿಂದೆ ಮಿಡಿಯುತ್ತದೆ ಎಂಬ ಹಂತದ ವ್ಯತ್ಯಾಸವೇ ವಿಮಾನ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಹೇಳುತ್ತದೆ. ಎಷ್ಟೋ ಕಿಲೋಮೀಟರ್ ದೂರದಿಂದ ಬರುವ ಈ ಸಂಕೇತಗಳು ವಿಮಾನದ ಹೊರಮೈಯ ಆಂಟೆನಾ ತಲುಪುವಾಗ ಮೈಕ್ರೋವೋಲ್ಟುಗಳ ಲೆಕ್ಕಕ್ಕೆ ಇಳಿದಿರುತ್ತವೆ. ಜಾತ್ರೆಯ ಆಚೆ ದಂಡೆಯಿಂದ ಕೂಗುವವನ ಮಾತಿಗೆ ಕಿವಿಗೊಟ್ಟವನ ಪಕ್ಕದಲ್ಲಿ ನಿಂತು ಪಿಸುಗುಟ್ಟಿದರೆ ಸಾಕು, ಆ ಕೂಗು ಮುಚ್ಚಿಹೋಗುತ್ತದೆ. ವಿಮಾನದ ಲೋಹದ ಮೈ ಒಳಗಿನ ಅಲೆಗಳನ್ನು ಬಹುಮಟ್ಟಿಗೆ ತಡೆಯುತ್ತದೆ ನಿಜ. ಆದರೆ ಕಿಟಕಿಗಳು ಲೋಹದವಲ್ಲ, ಏರಿಯಲ್ ಹಿಡಿಯುವುದೂ ಕಿಟಕಿಗೇ.

ಅಮೆರಿಕದಲ್ಲಿ 1960ರ ದಶಕದ ಆರಂಭಕ್ಕೆ ಈ ಅನುಮಾನ ಗಟ್ಟಿಯಾಗಿತ್ತು. ಅಲ್ಲಿನ ವೈಮಾನಿಕ ರೇಡಿಯೋ ತಾಂತ್ರಿಕ ಮಂಡಳಿ ಆರ್‌ಟಿಸಿಎ 1963ರಲ್ಲಿ ಪ್ರಯಾಣಿಕರ ಸಾಧನಗಳ ಬಗ್ಗೆ ವರದಿ ಕೊಟ್ಟಿತು, 1966ರಲ್ಲಿ ನಿಯಮ ಬಂತು. ಆ ನಿಯಮದಲ್ಲಿ ವಿನಾಯಿತಿ ಪಡೆದ ವಸ್ತುಗಳೇ ವಿಷಯವನ್ನು ಅರ್ಧ ಹೇಳುತ್ತವೆ: ಧ್ವನಿಮುದ್ರಕ, ಶ್ರವಣ ಸಾಧನ, ಹೃದಯದ ಪೇಸ್‌ಮೇಕರ್, ಗಡ್ಡ ಹೆರೆಯುವ ವಿದ್ಯುತ್ ಶೇವರ್. ಧ್ವನಿಮುದ್ರಕಕ್ಕೆ ಅನುಮತಿ ಸಿಕ್ಕಿತು, ರೇಡಿಯೋಗೆ ಸಿಗಲಿಲ್ಲ. ಎರಡೂ ನೋಡಲಿಕ್ಕೆ ಅಂಗೈಯಗಲದ ಡಬ್ಬಿಗಳೇ. ಆದರೆ ಧ್ವನಿಮುದ್ರಕದ ಒಳಗೆ ಆ ಪಟ್ಟಿಯಲ್ಲಿ ಮಿಡಿಯುವ ಆಂದೋಲಕವಿಲ್ಲ.

"ಹಂಗಾದ್ರ ಮೊಬೈಲಿಗೆ ಯಾಕ ಬಿಟ್ಟಾರ?"

ವಿಮಾನ ಮೇಲೇರಿದ ಮೇಲೆ ಇದರಲ್ಲಿ ಸ್ವಲ್ಪ ಭಾಗವನ್ನು ಹಿರಿಯರಿಗೆ ಹೇಳಿದೆ. ಎಟಿಆರ್ ವಿಮಾನದ ಪ್ರೊಪೆಲ್ಲರ್ ಸದ್ದಿನಲ್ಲಿ ಕಿವಿಯ ಹತ್ತಿರ ಬಾಗಿ ಮಾತಾಡಬೇಕಾಗುತ್ತಿತ್ತು. ಅವರು ಪೂರ್ತಿ ಕೇಳಿ, ಆಚೆ ಸಾಲಿನಲ್ಲಿ ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದ ಹುಡುಗನನ್ನು ತೋರಿಸಿ, "ಹಂಗಾದ್ರ ಅದಕ್ಕ ಯಾಕ ಬಿಟ್ಟಾರರಿ?" ಎಂದರು. ಇದೂ ಸರಿಯಾದ ಪ್ರಶ್ನೆಯೇ. ಅಮೆರಿಕ 2013ರಲ್ಲಿಯೂ ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ 2014ರಲ್ಲಿಯೂ ಫ್ಲೈಟ್ ಮೋಡಿನಲ್ಲಿರುವ ಸಾಧನಗಳನ್ನು ಹಾರಾಟದುದ್ದಕ್ಕೂ ಬಳಸಲು ಅವಕಾಶ ಕೊಟ್ಟವು. ಅದರರ್ಥ ಹಿಂದಿನ ಭಯ ಸುಳ್ಳಾಗಿತ್ತು ಎಂದಲ್ಲ. ವಿಮಾನಗಳನ್ನು ಪರೀಕ್ಷಿಸಿ, ಸಾಮಾನ್ಯ ಸಾಧನಗಳಿಂದ ಹೊಮ್ಮುವ ಮಟ್ಟದ ಅಲೆಗಳನ್ನು ಅವು ತಾಳಿಕೊಳ್ಳುತ್ತವೆ ಎಂದು ತೋರಿಸಿದ ಮೇಲೆ ಬಂದ ಅವಕಾಶವದು. ಮೊಬೈಲಿನಲ್ಲಿ ಫ್ಲೈಟ್ ಮೋಡ್ ಎಂಬ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಅದರ ಪ್ರೇಷಕ ಬಂದ್ ಆಗುತ್ತದೆ, ಒತ್ತಿದ್ದು ಪರದೆಯ ಮೇಲೆ ಸಿಬ್ಬಂದಿಗೆ ಕಾಣುತ್ತದೆ. ಸ್ಕ್ಯಾನರಿಗೆ ಅಂಥ ಗುಂಡಿ ಇಲ್ಲ, ಇರಲು ಸಾಧ್ಯವೂ ಇಲ್ಲ: ಆಂದೋಲಕವನ್ನು ನಿಲ್ಲಿಸಿದರೆ ಕೇಳುವ ಕೆಲಸವೇ ನಿಲ್ಲುತ್ತದೆ.

ಸ್ಕ್ಯಾನರಿನ ವಿಷಯದಲ್ಲಿ ತೊಡಕು ಟ್ರಾನ್ಸಿಸ್ಟರಿಗಿಂತ ಒಂದು ಕೈ ಹೆಚ್ಚು. ಪೈಲಟರು ಮಾತಾಡುವುದು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ, ಅದೂ ಮೀಡಿಯಂ ವೇವ್ ಪ್ರಸಾರದಲ್ಲಿ ಬಳಸುವ ಹಳೆಯ ಎಎಂ ವಿಧಾನದಲ್ಲಿ. (ಎಫ್‌ಎಂ ಬಂದು ಇಷ್ಟು ಕಾಲವಾದರೂ ಎಎಂ ಉಳಿಸಿಕೊಂಡಿದ್ದರ ಒಂದು ಲಾಭವನ್ನು ನಾನು ತುಂಬ ಮೆಚ್ಚುತ್ತೇನೆ: ಇಬ್ಬರು ಒಮ್ಮೆಲೇ ಮಾತಾಡಿದರೆ ಎಫ್‌ಎಂನಲ್ಲಿ ಬಲವಾದ ದನಿ ಇನ್ನೊಂದನ್ನು ಪೂರ್ತಿ ನುಂಗಿಬಿಡುತ್ತದೆ, ಎಎಂನಲ್ಲಿ ಸಿಳ್ಳಿನಂಥ ಸದ್ದು ಕೇಳಿ, ಇನ್ನೊಬ್ಬ ಕರೆಯುತ್ತಿದ್ದಾನೆಂಬುದಾದರೂ ಟವರಿಗೆ ಗೊತ್ತಾಗುತ್ತದೆ.) ಈ ಪಟ್ಟಿಯನ್ನು ಹಿಡಿಯುವ ಸೆಟ್ಟಿನ ಆಂದೋಲಕ ಮೇಲೆಯೂ ಇರಬಹುದು, ಕೆಳಗೂ ಇರಬಹುದು, ವ್ಯತ್ಯಾಸದ ತರಂಗಾಂತರವೂ ತಯಾರಕರ ಇಚ್ಛೆ. 10.7ರ ವ್ಯತ್ಯಾಸವನ್ನು ಕೆಳಮುಖವಾಗಿ ಬಳಸುವ ಸೆಟ್ಟಿನಲ್ಲಿ ತುರ್ತು ತರಂಗಾಂತರವಾದ 121.5 ಕೇಳಿದರೆ ಆಂದೋಲಕ 110.8ರಲ್ಲಿ, ದಾರಿ ತೋರುವ ಸಂಕೇತಗಳ ನಟ್ಟನಡುವೆ ಮಿಡಿಯುತ್ತದೆ. ಜೊತೆಗೆ ಸ್ಕ್ಯಾನರ್ ಒಂದೆಡೆ ನಿಲ್ಲುವುದಿಲ್ಲ. ಕ್ಷಣಕ್ಕೊಂದು ಚಾನೆಲ್ಲಿಗೆ ಜಿಗಿಯುವಾಗ ಅದರ ಆಂದೋಲಕವೂ ಜಿಗಿಯುತ್ತ ಇಡೀ ಪಟ್ಟಿಯನ್ನು ಉಜ್ಜಿಕೊಂಡು ಹೋಗುತ್ತದೆ. ಯಾವ ಸೆಟ್ಟು ಹೇಗೆ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ. ನೂರೆಂಟು ಕೆಲಸಗಳ ನಡುವೆ ಓಡಾಡುವ ಗಗನಸಖಿ ಪ್ರಯಾಣಿಕರ ಸೆಟ್ಟಿನ ಸರ್ಕ್ಯೂಟ್ ನಕ್ಷೆ ನೋಡಿ ತೀರ್ಮಾನಿಸಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕಾನೂನಿನ ಮಾತನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದು ಸ್ಪಷ್ಟವಾಗಿಯೇ ಇದೆ. ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ನಿಸ್ತಂತು ಸಾಧನ ಇಟ್ಟುಕೊಳ್ಳುವುದನ್ನೇ 1933ರ ಕಾಯ್ದೆ ನಿಷೇಧಿಸಿತ್ತು. ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದುದು ನಮ್ಮ ಹಿರಿಯರಿಗೆ ನೆನಪಿರುತ್ತದೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿಯೂ ರೇಡಿಯೋ ಸಾಧನಕ್ಕೆ ಅನುಮತಿ ಬೇಕೆಂಬ ತತ್ವ ಮುಂದುವರಿದಿದೆ. ಉಪಗ್ರಹ ಫೋನನ್ನು ತಿಳಿಯದೆ ಚೀಲದಲ್ಲಿಟ್ಟುಕೊಂಡು ಬಂದ ವಿದೇಶಿಯರು ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೊಲೀಸರ ವಶವಾದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಸಾಂಬ್ರಾ ಬರೀ ನಾಗರಿಕ ನಿಲ್ದಾಣವೂ ಅಲ್ಲ: ಬ್ರಿಟಿಷರ ವಾಯುಪಡೆ 1942ರಲ್ಲಿ ಕಟ್ಟಿದ ತಾಣ, ಇಂದಿಗೂ ವಾಯುಪಡೆಯ ಯೋಧರ ತರಬೇತಿ ಶಾಲೆ ಅಲ್ಲಿದೆ. ಏರಿಯಲ್ ಇರುವ ಸೆಟ್ಟನ್ನು ತಪಾಸಣೆಯವರು ತೆಗೆಸಿ ನೋಡಿದರೆ ಅದು ಅವರ ಕೆಲಸ. ಪರವಾನಗಿಯ ಪ್ರತಿಯನ್ನು ಸೆಟ್ಟಿನ ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕು, ಕೇಳಿದ್ದಕ್ಕೆ ಸಮಾಧಾನದಿಂದ ಉತ್ತರಿಸಬೇಕು.

ಮೋಡದ ಮೇಲೆ ಸುತ್ತುವಾಗ

ಇನ್ನೊಂದು ಪ್ರಯಾಣ ಜುಲೈ ತಿಂಗಳಿನದು. ಬೆಳಗಾವಿಯ ಮಳೆಗಾಲ ಗೊತ್ತಿದ್ದವರಿಗೆ ಆ ಮೋಡದ ವರ್ಣನೆ ಬೇಕಿಲ್ಲ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಸಂಜೆಯ ವಿಮಾನ ಸಾಂಬ್ರಾದ ಹತ್ತಿರ ಬಂದು ಇಳಿಯಲಾಗದೆ ಸುತ್ತತೊಡಗಿತು. ಒಳಗಿನಿಂದ ಒಂದು ಘೋಷಣೆ ಇಂಗ್ಲಿಷಿನಲ್ಲಿ, ಮತ್ತೊಂದು ಹಿಂದಿಯಲ್ಲಿ ಬಂತು. ಹವಾಮಾನದ ಕಾರಣ ತಡ ಎಂಬಷ್ಟೇ ಅದರ ಸಾರ. ಹತ್ತು ನಿಮಿಷ ಕಳೆದರೂ ಬೇರೆ ಮಾತಿಲ್ಲ. ಆಗ ನನ್ನ ಹಿಂದಿನ ಸಾಲಿನಲ್ಲಿ ಟಿಂಗ್ ಎಂದು ಒಂದು ಮೆಸೇಜು ಬಂದ ಸದ್ದಾಯಿತು. ಮುಂದೆ ಇನ್ನೊಂದು, ಎಡಕ್ಕೆ ಮತ್ತೆರಡು. ತಗ್ಗಿನಲ್ಲಿ ಹಾರುತ್ತಿದ್ದುದರಿಂದ ನೆಟ್‌ವರ್ಕ್ ಸಿಗುತ್ತಿತ್ತು, ಗಾಬರಿಯಾದವರು ಫ್ಲೈಟ್ ಮೋಡ್ ತೆಗೆದು ಮನೆಗೆ ಕರೆ ಮಾಡಲು ನೋಡುತ್ತಿದ್ದರು. ಒಬ್ಬ ತಾಯಿ ಸೆರಗಿನ ಮರೆಯಲ್ಲಿ ಫೋನ್ ಹಿಡಿದು, "ಇಳದಿಲ್ಲೋ ಇನ್ನಾ, ಮ್ಯಾಲೇ ಅದೇವಿ" ಎಂದು ಪಿಸುಮಾತಿನಲ್ಲಿ ಹೇಳುತ್ತಿದ್ದರು. ಆ ತಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಇಡೀ ಹಾರಾಟದಲ್ಲಿ ಪೈಲಟ್ ತನ್ನ ಮುಳ್ಳುಗಳನ್ನೂ ಕಿವಿಯನ್ನೂ ಅತಿ ಹೆಚ್ಚು ನಂಬಬೇಕಾದ ಹೊತ್ತಿನಲ್ಲಿಯೇ ಒಳಗಿನ ಪ್ರೇಷಕಗಳು ಒಂದೊಂದಾಗಿ ಎಚ್ಚರಗೊಳ್ಳುತ್ತಿದ್ದವು.

2ಜಿ ಫೋನು ಟವರ್ ದೂರವಾದಂತೆ ತನ್ನ ಶಕ್ತಿ ಏರಿಸಿಕೊಂಡು ಎರಡು ವ್ಯಾಟ್‌ವರೆಗೆ ಹೋಗಬಲ್ಲದು, ಸೆಕೆಂಡಿಗೆ ಸುಮಾರು 217 ಸಲ ಬಿಟ್ಟುಬಿಟ್ಟು ಮಿಡಿಯುತ್ತದೆ. ಟಿವಿಯ ಹತ್ತಿರ ಹಳೆಯ ಫೋನ್ ಇಟ್ಟಾಗ ಕರೆ ಬರುವ ಮೊದಲು ಕೇಳುತ್ತಿದ್ದ ಗರ್‌ಗರ್ ಸದ್ದು ಅದೇ. ಅದೇ ಸದ್ದು ಪೈಲಟರ ಹೆಡ್‌ಫೋನಿನಲ್ಲಿಯೂ ಕೇಳಬಲ್ಲದು. 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್, ಆದ್ದರಿಂದ ಪರಿಸ್ಥಿತಿ ಮೊದಲಿಗಿಂತ ಮೇಲು. ದೊಡ್ಡ ಪ್ರಯಾಣಿಕ ವಿಮಾನವೊಂದು ಪ್ರಯಾಣಿಕರ ಫೋನಿನಿಂದಲೇ ಬಿದ್ದಿತು ಎಂದು ಸಾಬೀತಾದ ಉದಾಹರಣೆಯನ್ನು ನಾನು ಓದಿಲ್ಲ, ಇದನ್ನು ಮುಚ್ಚಿಟ್ಟು ವಾದಿಸುವುದು ನನಗೆ ಇಷ್ಟವಿಲ್ಲ. ಆದರೆ 2003ರ ಜೂನಿನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಹತ್ತಿರ ರನ್‌ವೇ ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿದ ಸಣ್ಣ ಬಾಡಿಗೆ ವಿಮಾನದಲ್ಲಿ ಎಂಟು ಜನ ಸತ್ತರು. ಪೈಲಟನ ಸ್ವಂತ ಮೊಬೈಲ್ ಕೊನೆಯ ನಿಮಿಷಗಳಲ್ಲಿ ಕರೆಯಲ್ಲಿತ್ತು, ಅದು ದಾರಿ ತೋರುವ ಉಪಕರಣವನ್ನು ತಪ್ಪಿಸಿರಬಹುದಾದ ಸಾಧ್ಯತೆಯನ್ನು ತನಿಖಾ ವರದಿ ದಾಖಲಿಸಿತು. "ಇರಬಹುದು" ಎಂಬ ಆ ಪದದ ಮೇಲೆ ಪ್ರಯಾಣಿಕರನ್ನು ಹೊತ್ತು ಇಳಿಯಲು ಯಾವ ಪೈಲಟೂ ಒಪ್ಪುವುದಿಲ್ಲ, ಒಪ್ಪಬಾರದು.

ಆ ಸಂಜೆ ನಮ್ಮ ವಿಮಾನ ಕೊನೆಗೆ ಇಳಿಯಿತು, ಎಲ್ಲರೂ ಮನೆ ಸೇರಿದರು. ನನಗೆ ಉಳಿದ ಬೇಸರ ಘೋಷಣೆಯ ಬಗ್ಗೆ. ಬೆಳಗಾವಿಗೆ ಬರುವ ವಿಮಾನದಲ್ಲಿ, ಅರ್ಧಕ್ಕರ್ಧ ಜನ ಕನ್ನಡದವರಿರುವಾಗ, ಕಾರಣವನ್ನು ಕನ್ನಡದಲ್ಲಿ ಯಾರೂ ಹೇಳಲಿಲ್ಲ. ಪೈಲಟ್ ಮತ್ತು ಟವರಿನ ನಡುವೆ ಆ ಹೊತ್ತಿಗೆ ನಡೆಯುತ್ತಿದ್ದ ಮಾತು ಬಲು ಶಾಂತವಾಗಿಯೇ ಇದ್ದಿರುತ್ತದೆ: ಎಷ್ಟು ಎತ್ತರದಲ್ಲಿ ಕಾಯಬೇಕು, ಎಷ್ಟು ದೂರ ಕಾಣುತ್ತಿದೆ, ಮುಂದಿನ ಪ್ರಯತ್ನ ಯಾವಾಗ. ಅದನ್ನು ಕೇಳಿದ್ದರೆ ಆ ತಾಯಿ ಫೋನ್ ಎತ್ತುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಕೇಳುವ ಆಸೆಗೆ ಸರಿಯಾದ ದಾರಿ

ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಇದನ್ನು ಬಹು ಹಿಂದೆಯೇ ಮಾಡಿ ತೋರಿಸಿದೆ. ಅದರ ವಿಮಾನಗಳ ಸೀಟಿನ ಹೆಡ್‌ಫೋನಿನಲ್ಲಿ ಒಂಬತ್ತನೆಯ ಚಾನೆಲ್ ತಿರುಗಿಸಿದರೆ, ಪೈಲಟ್ ಅನುಮತಿಸಿದ ಹಾರಾಟಗಳಲ್ಲಿ, ಕಾಕ್‌ಪಿಟ್ ಮತ್ತು ಕಂಟ್ರೋಲಿನ ಮಾತುಕತೆ ನೇರವಾಗಿ ಕೇಳುತ್ತಿತ್ತು. ಇಲ್ಲಿ ಹೊಸ ಆಂದೋಲಕ ಹುಟ್ಟುವುದಿಲ್ಲ. ವಿಮಾನದ ಪರೀಕ್ಷಿತ ರೇಡಿಯೋ ಹೇಗೂ ಕೇಳುತ್ತಿರುವುದನ್ನೇ ತಂತಿಯ ಮೂಲಕ ಸೀಟಿಗೆ ತಲುಪಿಸುವುದು, ಬೇಡವೆನಿಸಿದಾಗ ನಿಲ್ಲಿಸುವ ಗುಂಡಿ ಪೈಲಟ್ ಕೈಯಲ್ಲಿಯೇ. ಸ್ಕ್ಯಾನರ್ ಹಿಡಿದು ಕಿಟಕಿಗೆ ಒರಗುವ ಗೆಳೆಯರಿಗೆ ನಾನು ಹೇಳುವುದು ಇದನ್ನೇ: ಕೇಳುವ ಆಸೆ ತಪ್ಪಲ್ಲ, ಅದನ್ನು ವಿಮಾನ ಕಂಪನಿಗಳ ಮುಂದೆ ಬೇಡಿಕೆಯಾಗಿ ಇಡೋಣ, ಅಲ್ಲಿಯವರೆಗೆ ಸೆಟ್ಟಿನ ಬ್ಯಾಟರಿಯನ್ನು ಬಾಗಿಲು ದಾಟುವ ಮೊದಲೇ ಬಿಚ್ಚೋಣ. ನಮ್ಮ ಸಣ್ಣ ಎಟಿಆರ್ ವಿಮಾನಗಳಲ್ಲಿ ಸೀಟಿಗೊಂದು ಹೆಡ್‌ಫೋನಿನ ವ್ಯವಸ್ಥೆ ಬೇಗ ಬರಲಿಕ್ಕಿಲ್ಲ. ಘೋಷಣೆಯನ್ನು ಬದಲಿಸಲು ಮಾತ್ರ ತಂತಿಯೂ ಬೇಕಿಲ್ಲ, ಖರ್ಚೂ ಇಲ್ಲ. ನಮ್ಮ ಭಾಗಕ್ಕೆ ಬರುವ ವಿಮಾನಗಳಲ್ಲಿ ಅದು ಹೀಗಿರಲಿ ಎಂದು ನಾನು ಒಂದು ಮಾದರಿ ಬರೆದಿದ್ದೇನೆ:

"ನಮಸ್ಕಾರ. ಇಳಿಯುವಾಗ ನಮ್ಮ ಪೈಲಟರು ನೆಲದಿಂದ ಬರುವ ಬಹಳ ಸಣ್ಣ ರೇಡಿಯೋ ಸಂಕೇತಗಳನ್ನು ನಂಬಿ ದಾರಿ ಹಿಡಿಯುತ್ತಾರೆ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಟ್ರಾನ್ಸಿಸ್ಟರ್, ಸ್ಕ್ಯಾನರ್, ವಾಕಿಟಾಕಿ ಇದ್ದರೆ ಪೂರ್ತಿ ಬಂದ್ ಮಾಡಿ. ಬರೀ ಕೇಳುವ ರೇಡಿಯೋದ ಒಳಗಿನಿಂದಲೂ ಅಲೆಗಳು ಹೊರಡುತ್ತವೆ, ಅವು ಆ ಸಂಕೇತಗಳಿಗೆ ಅಡ್ಡ ಬರಬಹುದು. ಕಿವಿಯ ಶ್ರವಣ ಸಾಧನ ತೆಗೆಯುವ ಅಗತ್ಯವಿಲ್ಲ. ಇಳಿಯುವುದು ತಡವಾದರೆ ಕಾರಣವನ್ನು ನಾವೇ ನಿಮಗೆ ಕನ್ನಡದಲ್ಲಿ ತಿಳಿಸುತ್ತೇವೆ."

ಗಟ್ಟಿಯಾಗಿ ಓದಿ ನೋಡಿದೆ, ಅರ್ಧ ನಿಮಿಷ ಸಾಕು. ಸೀಟ್ ಬೆಲ್ಟಿನ ಕೊಂಡಿ ಹಾಕುವುದನ್ನು ತೋರಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.